ಹೊಸ ರ‍್ಯಾಕೆಟ್ ಕೊಳ್ಳುವ ಮುನ್ನ ಹಳೆಯದನ್ನೂ ಪರೀಕ್ಷೆಗೆ ಕೂರಿಸಿ

ಕ್ಲಬ್ ಮಟ್ಟದಲ್ಲಿ ಟೆನಿಸ್ ಆಡುವ ಕೆಲವರಿಗೆ ಆಟದ ಮೇಲಿರುವಷ್ಟೇ ಆಸೆ ಸಲಕರಣೆಗಳ ಮೇಲೂ ಇರುತ್ತದೆ. ಹೊಸ ಮಾದರಿ ಬಂತೆಂದು ಗೊತ್ತಾದರೆ ಸಾಕು, ಯಾರದಾದರೂ ಕಿಟ್‌ಬ್ಯಾಗ್‌ನಿಂದ ಎರವಲು ಪಡೆದಾದರೂ ಅದರಲ್ಲಿ ನಾಲ್ಕು ಹೊಡೆತ ಹೊಡೆದು ನೋಡಲೇಬೇಕು. ನೀವೂ ಆ ಪೈಕಿಯವರಾದರೆ ಮುಂದಿನ ಕಥೆ ನಿಮಗೆ ಗೊತ್ತಿರುವುದೇ. ಮೊದಲ ಹದಿನೈದು ನಿಮಿಷ ಫೋರ್‌ಹ್ಯಾಂಡ್ ಹೇಳಿದಂತೆ ಕೇಳುತ್ತದೆ, ಸರ್ವ್‌ಗೆ ಹೊಸ ಕಸುವು ಬಂದಂತಿರುತ್ತದೆ, ಬ್ಯಾಕ್‌ಹ್ಯಾಂಡ್ ಕೂಡ ಇದ್ದಕ್ಕಿದ್ದಂತೆ ಸುಧಾರಿಸುತ್ತದೆ. ಹದಿನೈದಿಪ್ಪತ್ತು ಸಾವಿರ ರೂಪಾಯಿ ಕೊಟ್ಟು ಅದನ್ನೇ ಕೊಂಡ ಎರಡು ತಿಂಗಳಿಗೆ ಆಟ ಹಿಂದಿದ್ದಲ್ಲಿಗೇ ಬಂದು ನಿಂತಿರುತ್ತದೆ. ಅಷ್ಟರಲ್ಲಿ ಮಾರುಕಟ್ಟೆಗೆ ಇನ್ನೊಂದು ಮಾದರಿ ಬಂದಿರುತ್ತದೆ. ಈ ಸುತ್ತಿನಲ್ಲಿ ರ‍್ಯಾಕೆಟನ್ನು ದೂರುವುದರಲ್ಲಿ ಅರ್ಥವಿಲ್ಲ. ಸಲಕರಣೆಯ ಮೇಲಿನ ಆಸಕ್ತಿಯೂ ದೋಷವೇನಲ್ಲ. ಎಡವಟ್ಟಾಗುವುದು ಪರೀಕ್ಷೆ ಮಾಡುವ ಕ್ರಮದಲ್ಲಿ. ಹೊಸದನ್ನು ಮಾತ್ರ ಪರೀಕ್ಷಿಸಿ, ಹಳೆಯದನ್ನು ಪರೀಕ್ಷಿಸದೆ ಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಎರಡನ್ನೂ ಸಮಾನ ಸ್ಥಿತಿಯಲ್ಲಿ ನಿಲ್ಲಿಸಿ, ಚೆಂಡು ಎಲ್ಲಿ ಬಿತ್ತು ಎಂಬುದನ್ನು ಲೆಕ್ಕ ಹಾಕಿದರೆ ಅರ್ಧಕ್ಕರ್ಧ ಖರೀದಿಗಳು ಬೇಕಾಗಿಯೇ ಇರಲಿಲ್ಲ ಎಂಬುದು ತಿಳಿಯುತ್ತದೆ. ಉಳಿದ ಖರೀದಿಗಳನ್ನು ಧೈರ್ಯವಾಗಿ ಮಾಡಬಹುದು.

ಮೊದಲ ಅನಿಸಿಕೆ ಏಕೆ ದಾರಿ ತಪ್ಪಿಸುತ್ತದೆ?

ರ‍್ಯಾಕೆಟ್ ಎಂದು ನಾವು ಕರೆಯುವುದರಲ್ಲಿ ಎರಡು ವಸ್ತುಗಳಿವೆ: ಚೌಕಟ್ಟು ಒಂದು, ಸ್ಟ್ರಿಂಗ್ ಇನ್ನೊಂದು. ಚೆಂಡಿಗೆ ತಾಗುವುದು ಸ್ಟ್ರಿಂಗ್ ಮಾತ್ರ, ಅದೂ ಒಂದು ಸೆಕೆಂಡಿನ ಸಾವಿರದ ನಾಲ್ಕೈದು ಪಾಲಿನಷ್ಟು ಹೊತ್ತು. ಚೌಕಟ್ಟು ವರ್ಷಗಟ್ಟಲೆ ಬಾಳುತ್ತದೆ, ಸ್ಟ್ರಿಂಗ್ ಬಾಳುವುದಿಲ್ಲ. ಗಟ್ಟಿಂಗ್, ಅಂದರೆ ಸ್ಟ್ರಿಂಗ್ ಕಟ್ಟುವ ಕೆಲಸ, ಮುಗಿದ ಮೊದಲ ದಿನವೇ, ಒಂದು ಚೆಂಡನ್ನೂ ಹೊಡೆಯದಿದ್ದರೂ, ಬಿಗಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಇಳಿದುಹೋಗುತ್ತದೆ. ಆಮೇಲೆ ಆಡಿದಷ್ಟೂ ಇಳಿಯುತ್ತಲೇ ಹೋಗುತ್ತದೆ. ಈಗ ಬಹುಪಾಲು ಆಟಗಾರರು ಬಳಸುವ ಪಾಲಿಯೆಸ್ಟರ್ ಸ್ಟ್ರಿಂಗ್ ತುಂಡಾಗುವ ಬಹಳ ಮೊದಲೇ ಸತ್ತುಹೋಗುತ್ತದೆ. ಚೆಂಡು ತಾಗಿದಾಗ ಪಕ್ಕಕ್ಕೆ ಜರುಗಿ ತಟ್ಟನೆ ಸ್ವಸ್ಥಾನಕ್ಕೆ ಮರಳುವ ಗುಣದಿಂದಲೇ ಅದು ಚೆಂಡಿಗೆ ಸ್ಪಿನ್ ಕೊಡುವುದು. ಸವೆದು ಗೀರುಬಿದ್ದ ಸ್ಟ್ರಿಂಗ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು ಮರಳುವುದನ್ನೇ ನಿಲ್ಲಿಸುತ್ತವೆ. ಇನ್ನು ಪರೀಕ್ಷೆಯ ದಿನವನ್ನು ನೆನೆಸಿಕೊಳ್ಳಿ. ಎರವಲು ಬಂದದ್ದರಲ್ಲಿ ಹೊಸ ಸ್ಟ್ರಿಂಗ್, ಹೊಸ ಗ್ರಿಪ್. ನಿಮ್ಮದರಲ್ಲಿ ನಾಲ್ಕು ತಿಂಗಳ ಹಿಂದಿನ ಗಟ್ಟಿಂಗ್, ಬೆವರು ಕುಡಿದು ಜಾರುವ ಗ್ರಿಪ್. ಮೇವು ಕಾಣದ ಎತ್ತನ್ನು ಮೇವುಂಡ ಎತ್ತಿನ ಪಕ್ಕದಲ್ಲಿ ಹೂಡಿ, ಸೋತದ್ದನ್ನು ಸಂತೆಗೆ ಹೊಡೆದಂತೆ ಇದು. ಅಂದು ಗೆದ್ದದ್ದು ಹೊಸ ಚೌಕಟ್ಟೋ ಹೊಸ ಸ್ಟ್ರಿಂಗೋ ಎಂದು ಆ ಪರೀಕ್ಷೆಯಿಂದ ಹೇಳಲು ಸಾಧ್ಯವೇ ಇಲ್ಲ.

ಸ್ಟ್ರಿಂಗ್‌ಗೆ ಇಷ್ಟು ಮಹತ್ವ ಕೊಡುವುದಕ್ಕೆ ಟೆನಿಸ್ ಚರಿತ್ರೆಯೇ ಸಾಕ್ಷಿ. 1977ರಲ್ಲಿ ‘ಸ್ಪಗೆಟಿ’ ಎಂಬ ಅಡ್ಡಹೆಸರಿನ ಎರಡು ಪದರದ ಸ್ಟ್ರಿಂಗ್ ಕಟ್ಟು ಬಂತು. ಚೌಕಟ್ಟು ಮಾಮೂಲಿನದೇ, ಬದಲಾದದ್ದು ಕಟ್ಟುವ ರೀತಿ ಮಾತ್ರ. ಆ ವರ್ಷ ಫ್ರಾನ್ಸ್‌ನ ಎ-ಆನ್-ಪ್ರೊವಾನ್ಸ್‌ನಲ್ಲಿ ಇಲಿ ನಸ್ತಾಸೆ ಅದನ್ನು ಹಿಡಿದು ಆಡಿದರು. ಮಣ್ಣಿನ ಅಂಕಣದಲ್ಲಿ ಸತತ 53 ಪಂದ್ಯ ಗೆದ್ದಿದ್ದ ಗಿಯೆರ್ಮೊ ವಿಲಾಸ್ ಎರಡು ಸೆಟ್ ಸೋತು ಆಟವನ್ನೇ ಬಿಟ್ಟು ನಡೆದರು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಮೊದಲು ತಾತ್ಕಾಲಿಕವಾಗಿ, 1978ರಲ್ಲಿ ಶಾಶ್ವತವಾಗಿ ಅದನ್ನು ನಿಷೇಧಿಸಿತು. 1997ರಲ್ಲಿ ಶ್ರೇಯಾಂಕವಿಲ್ಲದ ಗುಸ್ತಾವೊ ಕುಯೆರ್ಟನ್ ಪಾಲಿಯೆಸ್ಟರ್ ಸ್ಟ್ರಿಂಗ್‌ನಲ್ಲಿ ಆಡಿ ಫ್ರೆಂಚ್ ಓಪನ್ ಗೆದ್ದ ಮೇಲೆ ವೃತ್ತಿಪರರು ಒಬ್ಬರ ಹಿಂದೊಬ್ಬರು ಅದರತ್ತ ಹೊರಳಿದರು. ಚೌಕಟ್ಟಿನ ಬದಲಾವಣೆಯೂ ಸಣ್ಣದಲ್ಲ. 65–70 ಚದರ ಅಂಗುಲದ ಮರದ ರ‍್ಯಾಕೆಟ್‌ಗಳ ಕಾಲದಲ್ಲಿ, 1976ರಲ್ಲಿ ಹೊವರ್ಡ್ ಹೆಡ್ 110 ಚದರ ಅಂಗುಲದ ಪ್ರಿನ್ಸ್ ರ‍್ಯಾಕೆಟನ್ನು ತಂದರು. ಎರಡೇ ವರ್ಷದಲ್ಲಿ 16ರ ಹುಡುಗಿ ಪ್ಯಾಮ್ ಶ್ರೈವರ್ ಅದನ್ನೇ ಹಿಡಿದು ಯುಎಸ್ ಓಪನ್ ಫೈನಲ್ ತಲುಪಿದರು. ಆದರೆ ಅದು 70ರಿಂದ 110ಕ್ಕೆ ಹಾರಿದ ಜಿಗಿತ. ಕಳೆದ ವರ್ಷದ ಮಾದರಿಗೂ ಈ ವರ್ಷದ್ದಕ್ಕೂ ನಡುವೆ ಅಂಥ ಅಂತರ ಇರುವುದಿಲ್ಲ. ಎಷ್ಟೋ ಸಲ ಬಣ್ಣದ ವ್ಯತ್ಯಾಸವೇ ಎದ್ದು ಕಾಣುವಷ್ಟು ಉಳಿದದ್ದು ಕಾಣುವುದಿಲ್ಲ. ಅಂತರ ಚಿಕ್ಕದಾದಷ್ಟೂ ಅದನ್ನು ಹಿಡಿಯುವ ಪರೀಕ್ಷೆ ಬಿಗಿಯಾಗಿರಬೇಕು.

ಪಟ್ಟಿಯಲ್ಲಿರುವ ಅಂಕಿಗಳನ್ನು ಓದುವ ಬಗೆ

ಅಂಕಣಕ್ಕೆ ಇಳಿಯುವ ಮೊದಲು ಮೂರು ಅಂಕಿಗಳ ಅರ್ಥ ಗೊತ್ತಿರಲಿ. ಮೊದಲನೆಯದು ತೂಕ. ಕಂಪನಿಗಳು ಸಾಮಾನ್ಯವಾಗಿ ಮುದ್ರಿಸುವುದು ಸ್ಟ್ರಿಂಗ್ ಇಲ್ಲದ ಚೌಕಟ್ಟಿನ ತೂಕ. 300 ಗ್ರಾಂ ಎಂದು ಬರೆದದ್ದು ಗಟ್ಟಿಂಗ್ ಆದ ಮೇಲೆ 315ರ ಆಸುಪಾಸು ತೂಗುತ್ತದೆ, ಅದರ ಸಮತೋಲ ಬಿಂದು ಸುಮಾರು 1 ಸೆಂಟಿಮೀಟರ್ ತಲೆಯ ಕಡೆಗೆ ಜರುಗುತ್ತದೆ. ಎರಡನೆಯದು ಈ ಸಮತೋಲ ಬಿಂದು. 27 ಅಂಗುಲದ ರ‍್ಯಾಕೆಟಿನ ನಟ್ಟನಡು 34.3 ಸೆಂ.ಮೀ. ಬಿಂದು ಅದಕ್ಕಿಂತ ಹಿಡಿಯ ಕಡೆಗಿದ್ದರೆ ತಲೆ ಹಗುರ, ಆಚೆಗಿದ್ದರೆ ತಲೆ ಭಾರ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಸ್ವಿಂಗ್‌ವೇಟ್: ಬೀಸುವಾಗ ಕೈಗೆ ಎಷ್ಟು ಭಾರ ಎನಿಸುತ್ತದೆ ಎಂಬ ಅಳತೆ. ಹಿಡಿಯ ತುದಿಯಿಂದ 10 ಸೆಂ.ಮೀ. ದೂರದ ಅಕ್ಷದ ಸುತ್ತ ಇದನ್ನು ಲೆಕ್ಕ ಹಾಕುತ್ತಾರೆ. ದೂರದ ವರ್ಗಕ್ಕೆ ಅನುಗುಣವಾಗಿ ಇದು ಏರುವುದರಿಂದ ಗ್ರಾಂ ಎಷ್ಟು ಎನ್ನುವುದಕ್ಕಿಂತ ಆ ಗ್ರಾಂ ಎಲ್ಲಿದೆ ಎನ್ನುವುದೇ ಹೆಚ್ಚು ಮುಖ್ಯ. 1 ಗ್ರಾಂ ಸೀಸದ ಟೇಪನ್ನು ರ‍್ಯಾಕೆಟಿನ ನೆತ್ತಿಗೆ ಅಂಟಿಸಿ ನೋಡಿ. ಅಕ್ಷದಿಂದ ಅದು 58 ಸೆಂ.ಮೀ. ದೂರ, 58ರ ವರ್ಗ 3,364. ಅಂದರೆ ಗ್ರಾಂ ಬದಲು ಕಿಲೋಗ್ರಾಂ ಲೆಕ್ಕದಲ್ಲಿ ಹೇಳುವ ಸ್ವಿಂಗ್‌ವೇಟ್ 3 ಅಂಕಕ್ಕಿಂತ ಹೆಚ್ಚು ಏರಿತು. ಅದೇ ಟೇಪನ್ನು ಹಿಡಿಯೊಳಗೆ ಸೇರಿಸಿದರೆ ಏರಿಕೆ ಲೆಕ್ಕಕ್ಕೇ ಬಾರದಷ್ಟು. ಒಂದೇ ತೂಕದ ಎರಡು ರ‍್ಯಾಕೆಟ್‌ಗಳಲ್ಲಿ ಒಂದು ಗದೆಯಂತೆಯೂ ಇನ್ನೊಂದು ಬೀಸಣಿಗೆಯಂತೆಯೂ ಅನಿಸುವುದು ಇದಕ್ಕೇ. ಒಂದೇ ಮಾದರಿಯ ಎರಡು ರ‍್ಯಾಕೆಟ್‌ಗಳ ನಡುವೆಯೂ ತಯಾರಿಕೆಯಲ್ಲೇ ಐದಾರು ಗ್ರಾಂ ಹೆಚ್ಚುಕಡಿಮೆ ಆಗುವುದು ಅಪರೂಪವಲ್ಲ. ಹೀಗಾಗಿ ಗೆಳೆಯರ ರ‍್ಯಾಕೆಟ್ ಹಿತವಾಗಿತ್ತು ಎಂದ ಮಾತ್ರಕ್ಕೆ ಅಂಗಡಿಯಲ್ಲಿ ಸಿಗುವ ಅದೇ ಮಾದರಿಯೂ ಹಾಗೇ ಇರುತ್ತದೆಂದು ನಂಬುವಂತಿಲ್ಲ.

ಪರೀಕ್ಷೆಯ ಹಂತಗಳು

1. ಹಳೆಯದನ್ನು ಮೊದಲು ಸಜ್ಜುಗೊಳಿಸಿ. ಎರಡೂ ರ‍್ಯಾಕೆಟ್‌ಗಳಿಗೆ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಯಂತ್ರದಲ್ಲಿ, ಒಂದೇ ಜಾತಿಯ ಸ್ಟ್ರಿಂಗ್ ಒಂದೇ ಬಿಗಿಗೆ ಹಾಕಿಸಿ. ಮೊದಲ ದಿನದ ಇಳಿತ ಮುಗಿಯಲೆಂದು 24 ಗಂಟೆ ಸುಮ್ಮನೆ ಬಿಡಿ. ಓವರ್‌ಗ್ರಿಪ್ ಎರಡಕ್ಕೂ ಹೊಸದು, ಒಂದೇ ಬಗೆಯದು. ಡ್ಯಾಂಪನರ್ ಇದ್ದರೆ ಎರಡಕ್ಕೂ ಇರಲಿ, ಇಲ್ಲವಾದರೆ ಎರಡಕ್ಕೂ ಬೇಡ. ಎರವಲು ರ‍್ಯಾಕೆಟಿಗೆ ಗಟ್ಟಿಂಗ್ ಮಾಡಿಸಲು ಮಾಲೀಕರು ಒಪ್ಪದಿದ್ದರೆ ಅದರಲ್ಲಿರುವ ಸ್ಟ್ರಿಂಗ್ ಯಾವುದೆಂದು ಕೇಳಿ, ನಿಮ್ಮದಕ್ಕೂ ಅದನ್ನೇ ಹಾಕಿಸಿ. ಈ ಒಂದು ಹಂತಕ್ಕೇ ಎಷ್ಟೋ ಜನರ ಹುಡುಕಾಟ ಮುಗಿದುಹೋಗುತ್ತದೆ. ಹೊಸ ಸ್ಟ್ರಿಂಗ್ ಕಂಡ ಹಳೆಯ ರ‍್ಯಾಕೆಟ್ ತಾನೇ ಹೊಸದಾಗಿ ಆಡತೊಡಗುತ್ತದೆ.

2. ತೂಗಿ, ಅಳೆದು ಬರೆದಿಡಿ. ಇದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಸಮತೋಲಕ್ಕೆ ಮೇಜಿನ ಮೇಲೆ ಪೆನ್ಸಿಲ್ ಇಟ್ಟು, ರ‍್ಯಾಕೆಟನ್ನು ಅಡ್ಡಲಾಗಿ ಅದರ ಮೇಲೆ ಮಲಗಿಸಿ, ಎರಡೂ ಕಡೆ ವಾಲದೆ ನಿಲ್ಲುವ ಜಾಗವನ್ನು ಹಿಡಿಯ ತುದಿಯಿಂದ ಟೇಪಿನಲ್ಲಿ ಅಳೆಯಿರಿ. ಎರಡರ ನಡುವೆ ದೊಡ್ಡ ವ್ಯತ್ಯಾಸವಿದ್ದರೆ ನೀವು ಇಷ್ಟಪಟ್ಟದ್ದು ಆ ತೂಕವನ್ನೇ ಇರಬಹುದು. ಹಗುರವಾದದ್ದಕ್ಕೆ ಒಂದಿಷ್ಟು ಸೀಸದ ಟೇಪು ಅಂಟಿಸಿ ನೋಡಿದರೆ ಅದು ಬಗೆಹರಿಯುತ್ತದೆ. ಟೇಪಿನ ಬೆಲೆ ರ‍್ಯಾಕೆಟಿನ ಬೆಲೆಯ ಮುಂದೆ ಏನೇನೂ ಅಲ್ಲ.

3. ಅಂಕಣದಲ್ಲಿ ಗುರಿ ಗುರುತಿಸಿ. ‘ಚೆನ್ನಾಗಿ ಬಂತು’ ಎಂಬುದು ಅಳತೆಯಲ್ಲ. ಸರ್ವಿಸ್ ಗೆರೆಗೂ ಬೇಸ್‌ಲೈನ್‌ಗೂ ನಡುವೆ ಸುಮಾರು 5.5 ಮೀಟರ್ ಇದೆ. ಅದರ ಅರ್ಧಕ್ಕೆ, ಬೇಸ್‌ಲೈನ್‌ನಿಂದ 2.75 ಮೀಟರ್ ಒಳಗೆ, ಎರಡು ಕೋನ್ ಅಥವಾ ನೀರಿನ ಬಾಟಲಿ ಇಡಿ. ಅದರಾಚೆ, ಗೆರೆಯೊಳಗೆ ಬಿದ್ದ ಕ್ರಾಸ್‌ಕೋರ್ಟ್ ಹೊಡೆತಕ್ಕೆ ಒಂದು ಅಂಕ. ಸರ್ವ್‌ನಲ್ಲಿ ಎರಡನೇ ಸರ್ವ್ ಅನ್ನೇ ಎಣಿಸಿ, ಏಕೆಂದರೆ ಪಂದ್ಯವನ್ನು ಕಾಪಾಡುವುದು ಅದೇ. ಇಪ್ಪತ್ತು ಸರ್ವ್, ಇಪ್ಪತ್ತು ಫೋರ್‌ಹ್ಯಾಂಡ್, ಇಪ್ಪತ್ತು ಬ್ಯಾಕ್‌ಹ್ಯಾಂಡ್ ಸೇರಿದರೆ ಒಂದು ಸುತ್ತು. ಎಣಿಸುವ ಕೆಲಸ ಜೊತೆಗಾರರದ್ದಾಗಲಿ, ಅಂಕಿಗಳನ್ನು ಅವರು ಕೊನೆಯವರೆಗೂ ನಿಮಗೆ ಹೇಳದಿರಲಿ.

4. ಹಳೆಯದನ್ನು ಅದರ ಜೊತೆಗೇ ಹೋಲಿಸಿ. ಈ ಹಂತವನ್ನು ಯಾರೂ ಮಾಡುವುದಿಲ್ಲ, ಆದರೆ ಇಡೀ ಪರೀಕ್ಷೆಗೆ ಬೆಲೆ ಬರುವುದೇ ಇದರಿಂದ. ಹೊಸದನ್ನು ಮುಟ್ಟುವ ಮೊದಲು ಒಂದು ದಿನ ನಿಮ್ಮ ರ‍್ಯಾಕೆಟಿನಲ್ಲೇ ಎರಡು ಸುತ್ತು ಆಡಿ. ನೂರಕ್ಕೆ 60 ಎರಡನೇ ಸರ್ವ್‌ಗಳನ್ನು ಒಳಗೆ ಹಾಕುವ ಆಟಗಾರರಿಗೆ ಇಪ್ಪತ್ತರಲ್ಲಿ ಹನ್ನೆರಡು ಬೀಳಬೇಕು. ನಿಜದಲ್ಲಿ ಒಮ್ಮೆ ಹತ್ತು ಬೀಳುತ್ತದೆ, ಒಮ್ಮೆ ಹದಿನಾಲ್ಕು. ರ‍್ಯಾಕೆಟ್ ಅದೇ, ಕೈ ಅದೇ. ಈ ಏರಿಳಿತ ನಿಮ್ಮ ಆಟದ ಸಹಜ ಗುಣ. ಮುಂದೆ ಹೊಸ ರ‍್ಯಾಕೆಟಿನಲ್ಲಿ ಹದಿನಾಲ್ಕು ಬಿದ್ದಾಗ ಅದರ ಶ್ರೇಯಸ್ಸನ್ನು ರ‍್ಯಾಕೆಟಿಗೆ ಕೊಡದಂತೆ ಈ ಮೊದಲ ಅಳತೆ ನಿಮ್ಮನ್ನು ತಡೆಯುತ್ತದೆ.

5. ಹಳೆಯದು, ಹೊಸದು, ಹೊಸದು, ಹಳೆಯದು: ಈ ಕ್ರಮದಲ್ಲಿ ಆಡಿ. ಹಳೆಯದರಲ್ಲಿ ಮೈ ಬಿಸಿ ಮಾಡಿಕೊಂಡು, ಮೈ ಹದಕ್ಕೆ ಬಂದ ಮೇಲೆ ಹೊಸದನ್ನು ಎತ್ತಿಕೊಂಡರೆ ಹೊಸದಕ್ಕೆ ಅನುಕೂಲ. ದಣಿದ ಮೇಲೆ ಎತ್ತಿಕೊಂಡರೆ ಅನನುಕೂಲ. ಈ ನಾಲ್ಕು ಸುತ್ತಿನ ಕ್ರಮದಲ್ಲಿ ಹಳೆಯದು ಆರಂಭದಲ್ಲೂ ಕೊನೆಯಲ್ಲೂ ಬರುತ್ತದೆ, ಹೊಸದು ನಡುವೆ ಎರಡು ಸಲ ಬರುತ್ತದೆ. ಬಿಸಿಯೇರುವುದು, ದಣಿಯುವುದು ಎರಡೂ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ಇನ್ನೊಂದು ದಿನ ಆಡುವಾಗ ಹೊಸದರಿಂದ ಆರಂಭಿಸಿ ಕ್ರಮವನ್ನು ತಿರುವು ಮಾಡಿ.

6. ಚೆಂಡುಗಳು ಒಂದೇ ಡಬ್ಬಿಯವಾಗಿರಲಿ. ನಿಯಮದ ಪ್ರಕಾರ 254 ಸೆಂ.ಮೀ. ಎತ್ತರದಿಂದ ಬಿಟ್ಟ ಸಾಮಾನ್ಯ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು. ಡಬ್ಬಿ ತೆರೆದ ಗಳಿಗೆಯಿಂದ ಒಳಗಿನ ಒತ್ತಡ ಇಳಿಯತೊಡಗುತ್ತದೆ, ಮೇಲಿನ ನೆಯ್ಗೆಯೂ ಸವೆಯುತ್ತದೆ. ವಾರದ ಹಿಂದಿನ ಚೆಂಡಿನಲ್ಲಿ ಒಂದು ರ‍್ಯಾಕೆಟನ್ನೂ ಹೊಸ ಚೆಂಡಿನಲ್ಲಿ ಇನ್ನೊಂದನ್ನೂ ಪರೀಕ್ಷಿಸಿದರೆ ನೀವು ಹೋಲಿಸಿದ್ದು ಚೆಂಡುಗಳನ್ನು.

7. ದಣಿದ ಮೇಲೂ ಆಡಿ, ಪಂದ್ಯವನ್ನೂ ಆಡಿ. ಭಾರದ, ಸ್ಥಿರವಾದ ರ‍್ಯಾಕೆಟ್ ಮೊದಲ ಅರ್ಧ ಗಂಟೆ ಅಮೋಘ ಎನಿಸುತ್ತದೆ. ಒಂದೂವರೆ ಗಂಟೆಯ ಹೊತ್ತಿಗೆ ಅದೇ ರ‍್ಯಾಕೆಟ್ ತಡವಾಗಿ ಬೀಸತೊಡಗುತ್ತದೆ, ಚೆಂಡು ದೇಹದ ಹಿಂದಕ್ಕೆ ಹೋದ ಮೇಲೆ ತಾಗುತ್ತದೆ. ಕೊನೆಯ ಸುತ್ತಿನ ಬಳಿಕ ಪ್ರತಿ ರ‍್ಯಾಕೆಟಿನಲ್ಲೂ ಎರಡೆರಡು ಟೈಬ್ರೇಕ್ ಆಡಿ. ಹೆಚ್ಚಾಗಿ ಡಬಲ್ಸ್ ಆಡುವವರಾದರೆ ವಾಲಿ, ರಿಟರ್ನ್‌ಗಳ ಮೇಲೆ ಗಮನವಿಡಿ. ಬೇಸ್‌ಲೈನ್‌ನಲ್ಲಿ ಮೆರೆದ ರ‍್ಯಾಕೆಟ್ ನೆಟ್ ಹತ್ತಿರ ಒರಟಾಗಿರಬಹುದು.

8. ಬೇರೆ ದಿನ, ಸಾಧ್ಯವಾದರೆ ಬೇರೆ ಜಾಗದಲ್ಲಿ ಮತ್ತೆ ಮಾಡಿ. ನಮ್ಮ ರಾಜ್ಯದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರದ ಊರುಗಳಿಗೆಂದೇ ಇರುವ ವಿಶೇಷ ಚೆಂಡನ್ನು ನಿಯಮ ಹೇಳುವುದು 1,219 ಮೀಟರ್ ದಾಟಿದ ಮೇಲೆ, ಆದ್ದರಿಂದ ಇಲ್ಲಿ ಆಡುವುದು ಮಾಮೂಲಿ ಚೆಂಡಿನಲ್ಲೇ. ತೆಳು ಗಾಳಿಯಲ್ಲಿ ಆ ಚೆಂಡು ಮಂಗಳೂರು, ಕಾರವಾರಗಳಲ್ಲಿ ಹೋಗುವುದಕ್ಕಿಂತ ಚೂರು ದೂರ ಹೋಗುತ್ತದೆ. ಬೆಂಗಳೂರಿನಲ್ಲಿ ಹದವಾಗಿದ್ದ ರ‍್ಯಾಕೆಟ್ ಕರಾವಳಿಯಲ್ಲಿ ಕಸುವಿಲ್ಲದ್ದು ಎನಿಸಿದರೆ ತಕ್ಷಣ ಬದಲಿಸಬೇಡಿ, ಎರಡು ಪೌಂಡ್ ಬಿಗಿ ಇಳಿಸಿ ನೋಡಿ.

ಆಕ್ಷೇಪಗಳಿಗೆ ಉತ್ತರ

‘ಕೈಗೆ ಹಿತವಾದರೆ ಸಾಕು, ಇಷ್ಟೆಲ್ಲ ಲೆಕ್ಕ ಯಾರಿಗೆ ಬೇಕು?’ ಎಂಬುದು ಮೊದಲ ಆಕ್ಷೇಪ. ಹಿತವನ್ನು ಕಡೆಗಣಿಸಬೇಕಿಲ್ಲ. ಮೊಣಕೈಗೆ ನೋವು ತರುವ, ಹಿಡಿದಾಗಲೇ ಮುಜುಗರ ಹುಟ್ಟಿಸುವ ರ‍್ಯಾಕೆಟ್ ಎಷ್ಟು ಅಂಕ ಗಳಿಸಿದರೂ ಬೇಡ. ಆದರೆ ಕೈ ಹೇಳುವುದೆಲ್ಲ ನಿಜವೆಂದು ನಂಬುವುದು ಕಷ್ಟ. ಬೋವರ್ ಮತ್ತು ಕ್ರಾಸ್ ಎಂಬ ಆಸ್ಟ್ರೇಲಿಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನುಭವಿ ಆಟಗಾರರಿಗೆ ಬೇರೆ ಬೇರೆ ಬಿಗಿಯ ರ‍್ಯಾಕೆಟ್ ಕೊಟ್ಟು ಯಾವುದು ಹೆಚ್ಚು ಬಿಗಿ ಎಂದು ಕೇಳಲಾಯಿತು. 11 ಪೌಂಡ್‌ವರೆಗಿನ ವ್ಯತ್ಯಾಸವನ್ನೂ ಹೆಚ್ಚಿನವರು ಸರಿಯಾಗಿ ಗುರುತಿಸಲಿಲ್ಲ. ಒಂದು ಪೌಂಡಿನ ವ್ಯತ್ಯಾಸಕ್ಕೆ ಅಂಗಡಿಯವರೊಂದಿಗೆ ವಾದಿಸುವವರು ಇದನ್ನು ಗಮನಿಸಬೇಕು. ಕಾರಣವೂ ಇದೆ. ಕೈಯ ಕಂಪನ ಮಿದುಳಿಗೆ ಮುಟ್ಟುವ ಹೊತ್ತಿಗೆ ಚೆಂಡು ಸ್ಟ್ರಿಂಗ್ ಬಿಟ್ಟು ಹೊರಟಾಗಿರುತ್ತದೆ. ನಾವು ‘ಹಿತ’ ಎನ್ನುವುದರಲ್ಲಿ ಹೊಡೆತದ ಸದ್ದು, ಹೊಸ ಗ್ರಿಪ್ಪಿನ ಸ್ಪರ್ಶ, ಬಣ್ಣ, ಬೆಲೆ ಎಲ್ಲವೂ ಬೆರೆತಿರುತ್ತವೆ. ಆದ್ದರಿಂದ ಬೇಡ ಎನ್ನುವ ಅಧಿಕಾರ ಕೈಗೆ ಇರಲಿ, ಬೇಕು ಎನ್ನುವುದನ್ನು ಅಂಕಿಗಳು ಹೇಳಲಿ.

ಎರಡನೆಯ ಆಕ್ಷೇಪ ಇನ್ನೂ ಖಾರವಾದದ್ದು: ಕುಣಿಯಲಾರದವರು ನೆಲ ಡೊಂಕು ಎಂದರಂತೆ, ಆಟ ಬಾರದವರು ರ‍್ಯಾಕೆಟ್ ಬದಲಿಸುತ್ತಾರೆ. ಇದರಲ್ಲಿ ಬಹಳಷ್ಟು ನಿಜವಿದೆ. ಕ್ಲಬ್ ಆಟಗಾರರ ಹೆಚ್ಚಿನ ತಪ್ಪುಗಳು ಕಾಲ ಚಲನೆಯಿಂದ, ತಡವಾದ ಸಿದ್ಧತೆಯಿಂದ ಬರುವಂಥವು. ಆದರೆ ಈ ಮಾತನ್ನು ಸಾಬೀತುಪಡಿಸುವ ಸಾಧನವೂ ಇದೇ ಪರೀಕ್ಷೆ. ಎರಡು ರ‍್ಯಾಕೆಟ್‌ಗಳ ಅಂಕ ಹೆಚ್ಚುಕಡಿಮೆ ಒಂದೇ ಬಂದರೆ ನೆಲ ಡೊಂಕಾಗಿಲ್ಲ ಎಂಬುದು ಖಚಿತವಾಯಿತು, ಹಣವನ್ನು ತರಬೇತಿಗೆ ಹಾಕಬಹುದು. ಕೋಚ್ ನೂರು ಸಲ ಹೇಳಿದರೂ ಒಪ್ಪದ ಮನಸ್ಸು ತಾನೇ ಎಣಿಸಿದ ಅಂಕಿಗೆ ಒಪ್ಪುತ್ತದೆ.

ಮೂರನೆಯದು ನಿಜಕ್ಕೂ ಗಟ್ಟಿಯಾದ ಆಕ್ಷೇಪ. ವರ್ಷಗಳಿಂದ ಹಳೆಯದಕ್ಕೆ ಒಗ್ಗಿದ ಕೈಯಲ್ಲಿ ಹೊಸದನ್ನು ಅಂದೇ ಅಳೆದರೆ ಹೊಸದಕ್ಕೆ ಅನ್ಯಾಯವಾಗುವುದಿಲ್ಲವೇ? ಆಗುತ್ತದೆ, ರೋಜರ್ ಫೆಡರರ್‌ಗೂ ಆಗಿತ್ತು. ವರ್ಷಗಳ ಕಾಲ 90 ಚದರ ಅಂಗುಲದ ರ‍್ಯಾಕೆಟಿನಲ್ಲೇ ಆಡಿದ್ದ ಅವರು 2013ರ ಜುಲೈನಲ್ಲಿ 98ರದ್ದನ್ನು ಹಿಡಿದು ಹ್ಯಾಂಬರ್ಗ್ ಮತ್ತು ಗ್ಸ್ಟಾಡ್ ಟೂರ್ನಿಗಳಿಗೆ ಹೋದರು. ಹ್ಯಾಂಬರ್ಗ್‌ನಲ್ಲಿ ಸೆಮಿಫೈನಲ್‌ನಲ್ಲಿ ಫೆಡೆರಿಕೊ ಡೆಲ್ಬೊನಿಸ್ ಎದುರು ಸೋತರು, ಗ್ಸ್ಟಾಡ್‌ನಲ್ಲಿ ತಮ್ಮ ಮೊದಲ ಪಂದ್ಯದಲ್ಲೇ ಡೇನಿಯಲ್ ಬ್ರ್ಯಾಂಡ್ಸ್ ಎದುರು. ಆಗ ಅವರಿಗೆ ಬೆನ್ನುನೋವೂ ಇತ್ತು. ಅಮೆರಿಕದ ಟೂರ್ನಿಗಳಿಗೆ ಮರಳಿ 90ಕ್ಕೇ ಬಂದರು. ಸೋಲಿಗೆ ಹೊಸ ರ‍್ಯಾಕೆಟ್ ಎಷ್ಟು ಕಾರಣ, ಬೆನ್ನು ಎಷ್ಟು ಎಂಬುದನ್ನು ಆ ಎರಡು ವಾರಗಳಿಂದ ಬಿಡಿಸಿ ಹೇಳಲಾಗದು. ಎರಡು ಸಂಗತಿ ಒಟ್ಟಿಗೆ ಬದಲಾದರೆ ಪರೀಕ್ಷೆ ಕುರುಡಾಗುತ್ತದೆ, ಆಟಗಾರ ಯಾರೇ ಆಗಿರಲಿ. ಗಮನಿಸಬೇಕಾದದ್ದು ಅವರು ಮುಂದೆ ಮಾಡಿದ್ದು. 2014ರ ಋತುವಿಗೆ ದೊಡ್ಡ ತಲೆಯ ರ‍್ಯಾಕೆಟಿಗೇ ಹೊರಳಿ, ಆ ವರ್ಷ ವಿಂಬಲ್ಡನ್ ಫೈನಲ್ ಆಡಿದರು, ಸಿನ್ಸಿನಾಟಿ ಮತ್ತು ಶಾಂಘೈ ಗೆದ್ದರು. ನೀವೂ ಹಾಗೇ ಮಾಡಿ: ತೂಕದಲ್ಲೋ ತಲೆಯ ಅಳತೆಯಲ್ಲೋ ದೊಡ್ಡ ವ್ಯತ್ಯಾಸವಿರುವ ರ‍್ಯಾಕೆಟಿಗೆ ಮೂರ್ನಾಲ್ಕು ದಿನಗಳ ಅವಕಾಶ ಕೊಡಿ, ಪ್ರತಿದಿನದ ಅಂಕವನ್ನು ಬೇರೆ ಬೇರೆ ಬರೆಯಿರಿ. ಕೆಳಗೆ ಆರಂಭವಾಗಿ ದಿನೇ ದಿನೇ ಏರುತ್ತಿದ್ದರೆ ಇನ್ನಷ್ಟು ಸಮಯ ಕೊಡಬಹುದು. ಮೇಲೆ ಆರಂಭವಾಗಿ ಇಳಿಯುತ್ತಿದ್ದರೆ ನೀವು ಕಂಡದ್ದು ಹೊಸತನದ ಹುಮ್ಮಸ್ಸು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ತಾರಾ ಆಟಗಾರರ ರ‍್ಯಾಕೆಟ್ ಕೊಳ್ಳುವುದು. ವೃತ್ತಿಪರರು ಎಷ್ಟೋ ಸಲ ಆಡುವುದು ಹಳೆಯ ಚೌಕಟ್ಟಿನಲ್ಲಿ, ಮೇಲಿನ ಬಣ್ಣ ಮಾತ್ರ ಹೊಸ ಮಾದರಿಯದು. ತೂಕ, ಸಮತೋಲಗಳನ್ನೂ ತಮಗೆ ಬೇಕಾದಂತೆ ತಿದ್ದಿಸಿರುತ್ತಾರೆ. ಅಂಗಡಿಯ ಗೋಡೆಯ ಮೇಲೆ ನೇತಾಡುವುದು ಅದಲ್ಲ.

2. ಗ್ರಿಪ್ ಅಳತೆಯನ್ನು ಮರೆಯುವುದು. ಹಿಡಿದಾಗ ಬೆರಳ ತುದಿಗಳಿಗೂ ಅಂಗೈ ಉಬ್ಬಿಗೂ ನಡುವೆ ಇನ್ನೊಂದು ಕೈಯ ತೋರುಬೆರಳು ತೂರುವಷ್ಟು ಜಾಗವಿರಬೇಕು. ಓವರ್‌ಗ್ರಿಪ್ ಸುತ್ತಿದರೆ ಅಳತೆ ಸುಮಾರು ಅರ್ಧ ಸಂಖ್ಯೆಯಷ್ಟು ಏರುತ್ತದೆ. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡವರು ಚಿಕ್ಕದನ್ನೇ ಆರಿಸಲಿ: ದಪ್ಪ ಮಾಡುವುದು ಸುಲಭ, ತೆಳು ಮಾಡುವುದು ಕಷ್ಟ.

3. ರ‍್ಯಾಕೆಟನ್ನೂ ಸ್ಟ್ರಿಂಗನ್ನೂ ಒಟ್ಟಿಗೆ ಬದಲಿಸುವುದು. ಸ್ಪಿನ್ ಹೆಚ್ಚಿದರೆ ಅದು ಯಾವುದರಿಂದ ಎಂದು ಎಂದೂ ತಿಳಿಯುವುದಿಲ್ಲ. 16 ಉದ್ದ, 19 ಅಡ್ಡ ಸ್ಟ್ರಿಂಗ್ ಇರುವ ತೆರಪು ನೆಯ್ಗೆಗೂ 18, 20ರ ದಟ್ಟ ನೆಯ್ಗೆಗೂ ಒಂದೇ ಬಿಗಿ ಬೇರೆ ಬೇರೆಯಾಗಿ ಅನಿಸುತ್ತದೆ. ಹೋಲಿಸುವಾಗ ಇದೂ ನೆನಪಿರಲಿ.

4. ಡ್ಯಾಂಪನರ್ ಹಾಕಿದರೆ ಕೈನೋವು ಹೋಗುತ್ತದೆಂದು ನಂಬುವುದು. ಅದು ಸ್ಟ್ರಿಂಗ್‌ನ ‘ಟಿಂಗ್’ ಸದ್ದನ್ನು ಅಡಗಿಸುತ್ತದೆ ಅಷ್ಟೆ. ಕೈಗೆ ಬರುವ ಚೌಕಟ್ಟಿನ ಕಂಪನ ಇದ್ದಂತೆಯೇ ಇರುತ್ತದೆ.

5. ಒಳ್ಳೆಯ ಹೊಡೆತಗಳನ್ನು ಮಾತ್ರ ನೆನಪಿಡುವುದು. ನಟ್ಟನಡುವೆ ತಾಗಿದ ಚೆಂಡು ಯಾವ ರ‍್ಯಾಕೆಟಿನಿಂದಲೂ ಸೊಗಸಾಗಿ ಹೋಗುತ್ತದೆ. ಅಂಚಿಗೆ ತಾಗಿದ, ಕೈಚಾಚಿ ಹೊಡೆದ ಚೆಂಡು ಎಲ್ಲಿ ಬಿತ್ತು ಎಂಬುದರಲ್ಲೇ ರ‍್ಯಾಕೆಟ್‌ಗಳ ನಡುವಿನ ಅಂತರ ಬಯಲಾಗುವುದು.

ಎಚ್ಚರಿಕೆಗಳು

ಮೊಣಕೈಯ ಹೊರಬದಿಯಲ್ಲಿ ನೋವು ಕಾಣಿಸಿಕೊಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. ಗಡಸು ಚೌಕಟ್ಟು, ಪಾಲಿಯೆಸ್ಟರ್ ಸ್ಟ್ರಿಂಗ್, ಹೆಚ್ಚು ಬಿಗಿ: ಈ ಮೂರೂ ಒಂದೆಡೆ ಸೇರುವುದು ಕೈಗೆ ಕಠಿಣ. ಮೃದುವಾದ ಮಲ್ಟಿಫಿಲಮೆಂಟ್ ಸ್ಟ್ರಿಂಗ್, ಕಡಿಮೆ ಬಿಗಿ ಮೊದಲ ಪರಿಹಾರ. ನೋವು ಉಳಿದರೆ ವೈದ್ಯರನ್ನೋ ಫಿಸಿಯೊಥೆರಪಿಸ್ಟರನ್ನೋ ಕಾಣಬೇಕು, ಅಂಗಡಿಯನ್ನಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ರ‍್ಯಾಕೆಟ್ ಬಿಟ್ಟರೆ ಬಿಗಿ ಬೇಗ ಇಳಿಯುತ್ತದೆ, ಅಂಥ ರ‍್ಯಾಕೆಟ್ ಪರೀಕ್ಷೆಗೆ ಅನರ್ಹ. ದನದ ಕರುಳಿನಿಂದ ಮಾಡುವ ನ್ಯಾಚುರಲ್ ಗಟ್‌ಗೆ ಕರಾವಳಿಯ ತೇವ, ಮಲೆನಾಡಿನ ಮಳೆ ಆಗಿಬರುವುದಿಲ್ಲ. ಸೀಸದ ಟೇಪು ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತಿಡಿ. ಮಕ್ಕಳಿಗೆ ರ‍್ಯಾಕೆಟ್ ಕೊಳ್ಳುವಾಗ ‘ಬೆಳೆಯುವ ಮಗು, ದೊಡ್ಡದೇ ಇರಲಿ’ ಎನ್ನುವ ಲೆಕ್ಕ ಬೇಡ. 19ರಿಂದ 26 ಅಂಗುಲದವರೆಗೆ ಅಳತೆಗಳಿರುವುದು ಮಗುವಿನ ಎತ್ತರಕ್ಕೆ ಹೊಂದಲೆಂದೇ. ಮೀರಿದ ಉದ್ದ, ತೂಕಗಳು ಹೊಡೆತದ ರೀತಿಯನ್ನೇ ಕೆಡಿಸುತ್ತವೆ.

ಶೂಗೂ ಇದೇ ಸೂತ್ರ

ರ‍್ಯಾಕೆಟಿಗೆ ಹೇಳಿದ್ದೆಲ್ಲ ಶೂಗೂ ಹೊಂದುತ್ತದೆ, ಮತ್ತು ಶೂ ತಪ್ಪಿದರೆ ಆಗುವ ನಷ್ಟ ಹೆಚ್ಚು. ಮಣ್ಣಿನ ಅಂಕಣಕ್ಕೆ ಅಡಿಭಾಗದಲ್ಲಿ ಒತ್ತಾದ ಅಂಕುಡೊಂಕು ಗೀರುಗಳಿರುವ ಶೂ ಬೇಕು, ಸಿಮೆಂಟ್ ತಳದ ಗಟ್ಟಿ ಅಂಕಣಕ್ಕೆ ಸವೆತ ತಡೆಯುವ ಗಟ್ಟಿ ಅಡಿ ಬೇಕು. ಓಟದ ಶೂನಲ್ಲಿ ಟೆನಿಸ್ ಆಡಬೇಡಿ, ಪಕ್ಕಕ್ಕೆ ಜಿಗಿಯುವ ಕಾಲಿಗೆ ಅದರಲ್ಲಿ ಆಸರೆಯಿಲ್ಲ. ಸಂಜೆ ಹೊತ್ತು ಕಾಲು ತುಸು ಊದಿಕೊಂಡಿರುವಾಗ, ಆಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ಶೂ ತೊಟ್ಟು ನೋಡಿ. ಹೊಸ ಶೂ ಮತ್ತು ಹೊಸ ರ‍್ಯಾಕೆಟನ್ನು ಒಂದೇ ದಿನ ಅಂಕಣಕ್ಕೆ ಇಳಿಸಬೇಡಿ.

ತೀರ್ಮಾನಕ್ಕೆ ಬರುವುದು ಹೇಗೆ?

ಎರಡು ದಿನ ನಾಲ್ಕು ನಾಲ್ಕು ಸುತ್ತು ಆಡಿದರೆ ಒಂದೊಂದು ರ‍್ಯಾಕೆಟಿಗೆ 80 ಸರ್ವ್, 80 ಫೋರ್‌ಹ್ಯಾಂಡ್, 80 ಬ್ಯಾಕ್‌ಹ್ಯಾಂಡ್‌ಗಳ ಲೆಕ್ಕ ಸಿಗುತ್ತದೆ. 80ರಲ್ಲಿ ಐದಾರರ ಅಂತರ ಕೇವಲ ಆಕಸ್ಮಿಕವಿರಬಹುದು, ಅದನ್ನು ನಂಬಿ ಹಣ ಸುರಿಯಬೇಡಿ. ಅಂತರ ಹನ್ನೆರಡನ್ನು ದಾಟಿ, ಎರಡೂ ದಿನ ಒಂದೇ ದಿಕ್ಕಿಗೆ ಬಂದಿದ್ದು, ಟೈಬ್ರೇಕ್‌ನಲ್ಲೂ ಕೈ ಬೇಡ ಎನ್ನದಿದ್ದರೆ ಹೊಸದನ್ನು ನಿಶ್ಚಿಂತೆಯಿಂದ ಕೊಳ್ಳಿ. ಆದರೆ ಪರೀಕ್ಷಿಸಿದ ಅದೇ ರ‍್ಯಾಕೆಟನ್ನು ಕೊಡುತ್ತಾರೆಯೇ ಎಂದು ಮೊದಲು ಕೇಳಿ. ಕೊಡದಿದ್ದರೆ ಅಂಗಡಿಗೆ ತಕ್ಕಡಿ ಒಯ್ದು ತೂಕ, ಸಮತೋಲ ಅದಕ್ಕೆ ಹತ್ತಿರವಿರುವುದನ್ನು ಆರಿಸಿ. ಡೆಮೊ ಸಿಗದ ಊರಿನವರು ಕ್ಲಬ್‌ನಲ್ಲಿ ಮೂರ್ನಾಲ್ಕು ಮಂದಿ ಸೇರಿ ರ‍್ಯಾಕೆಟ್‌ಗಳನ್ನು ಅದಲುಬದಲು ಮಾಡಿಕೊಳ್ಳಬಹುದು, ಎಣಿಸುವವರೂ ಆಗ ಅಲ್ಲೇ ಸಿಗುತ್ತಾರೆ. ಅಂತರ ಕಾಣದಿದ್ದರೆ ಆ ಹಣದ ಒಂದು ಪಾಲಿನಲ್ಲೇ ವರ್ಷಪೂರ್ತಿ ಗಟ್ಟಿಂಗ್ ಆಗುತ್ತದೆ. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಕನಿಷ್ಠ ಅಷ್ಟು ಸಲ ಸ್ಟ್ರಿಂಗ್ ಬದಲಿಸಬೇಕೆಂಬುದು ರೂಢಿಯ ಲೆಕ್ಕ, ಪಾಲಿಯೆಸ್ಟರ್ ಬಳಸುವವರು ಇನ್ನೂ ಬೇಗ. ಪರೀಕ್ಷಿಸುವ ಹುಮ್ಮಸ್ಸು ಆಗಲೂ ತಣಿಯದಿದ್ದರೆ ಸ್ಟ್ರಿಂಗ್‌ನ ಜಾತಿ, ದಪ್ಪ, ಬಿಗಿಗಳನ್ನು ಒಂದೊಂದಾಗಿ ಬದಲಿಸಿ ನೋಡುತ್ತ ಹೋಗಿ. ಒಂದೇ ಚೌಕಟ್ಟಿನಲ್ಲಿ ಹಲವು ವರ್ಷಗಳಿಗೆ ಸಾಲುವಷ್ಟು ಪ್ರಯೋಗಗಳು ಅಲ್ಲಿವೆ, ಪ್ರತಿಯೊಂದರ ಖರ್ಚೂ ಒಂದು ಗಟ್ಟಿಂಗ್‌ನಷ್ಟು ಮಾತ್ರ.